ಮಾನಿಟರಿನ ಎಡಗಡೆಯ ಸ್ಟೂಲು

ತಾಳೆ ಅಕ್ಕ ಯಾರೊಂದಿಗೆ ಮಾತನಾಡಿದರೂ ಅವರ ಕಣ್ಣನ್ನು ನೋಡುವುದಿಲ್ಲ. ಕಿವಿಯನ್ನು ನೋಡುತ್ತಾಳೆ, ಅದೂ ಎಡಗಿವಿಯನ್ನೇ. ಹೊಸಬರು ತಮ್ಮ ಕಿವಿಗೆ ಏನೋ ಮೆತ್ತಿಕೊಂಡಿರಬೇಕೆಂದು ಭಾವಿಸಿ ಮಾತಿನ ನಡುವೆ ಮೆಲ್ಲಗೆ ಕೈಯೆತ್ತಿ ಸವರಿಕೊಳ್ಳುವುದುಂಟು. ಒಂದು ವಾರ ಕಳೆಯುವಷ್ಟರಲ್ಲಿ ಅವರಿಗೂ ರೂಢಿಯಾಗಿ, ಆಕೆ ಬರುವುದು ಕಂಡೊಡನೆ ತಾವಾಗಿಯೇ ಮುಖವನ್ನು ಕೊಂಚ ಬಲಕ್ಕೆ ತಿರುಗಿಸಿ ನಿಲ್ಲುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವವರನ್ನೇ ಪ್ರಾಮಾಣಿಕರೆಂದು ನಂಬುವ ಲೋಕವಿದು. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಆಕೆ ಆಡಿದ ಒಂದೇ ಒಂದು ಸುಳ್ಳನ್ನು ಎತ್ತಿ ತೋರಿಸಬಲ್ಲವರು ಆ ಸ್ಟುಡಿಯೋದಲ್ಲಿ ಇಲ್ಲ. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದವರನ್ನು ಎಣಿಸಹೊರಟರೆ ಮಾತ್ರ ಕೈಬೆರಳು ಸಾಲದು.

ಆಕೆಯ ಉದ್ಯೋಗ ಧಾರಾವಾಹಿಗಳಲ್ಲಿ ಕಂಟಿನ್ಯುಟಿ ನೋಡುವುದು. ಒಂದು ದೃಶ್ಯದ ಅರ್ಧವನ್ನು ಇವತ್ತು, ಉಳಿದರ್ಧವನ್ನು ಮುಂದಿನ ವಾರ ಚಿತ್ರಿಸುತ್ತಾರಲ್ಲ, ಇವತ್ತು ನಾಯಕಿಯ ಮುಂದಿದ್ದ ಲೋಟದಲ್ಲಿ ನೀರು ಎಷ್ಟಿತ್ತೋ ಮುಂದಿನ ವಾರವೂ ಅಷ್ಟೇ ಇರಬೇಕು. ಅಳುವಾಗ ಮುಂಗುರುಳು ಎಡಗಣ್ಣಿನ ಮೇಲಿದ್ದರೆ ಕಣ್ಣೊರೆಸಿಕೊಳ್ಳುವಾಗಲೂ ಅಲ್ಲೇ ಇರಬೇಕು. ಹಿಂದಿನ ಶಾಟನ್ನು ಮುಂದಿನ ಶಾಟಿನೊಡನೆ ತಾಳೆ ನೋಡುವುದೇ ಕೆಲಸವಾದ್ದರಿಂದ ತಾಳೆ ಅಕ್ಕ ಎಂಬ ಹೆಸರು ಬಿದ್ದು, ಹಾಜರಿ ಪುಸ್ತಕದಲ್ಲಿರುವ ನಿಜವಾದ ಹೆಸರು ಯಾರ ನೆನಪಿನಲ್ಲೂ ಉಳಿದಿಲ್ಲ. ಅವಳಿಗಿಂತ ಹತ್ತು ವರ್ಷ ಹಿರಿಯನಾದ ಬಡಗಿಯೂ ಅಕ್ಕಾ ಎಂದೇ ಕರೆಯುತ್ತಾನೆ.

ನಡಿಗೆಯಲ್ಲೂ ಒಂದು ವೈಶಿಷ್ಟ್ಯವಿದೆ. ಹಿಮ್ಮಡಿಯನ್ನು ನೆಲಕ್ಕೆ ಪೂರ್ತಿ ಊರದೆ, ಮುಂಗಾಲಿನ ಮೇಲೆ ಕೊಂಚ ಪುಟಿಯುತ್ತ, ಗೋಡೆಯ ಪಕ್ಕದಲ್ಲೇ ಸಾಗುತ್ತಾಳೆ. ಎಡಗೈಯ ತುದಿಬೆರಳುಗಳು ಗೋಡೆಯ ನಾಡಿ ಹಿಡಿದು ನೋಡುವಂತೆ ಅದನ್ನು ಸವರುತ್ತಾ ಬರುತ್ತವೆ. ಸ್ಟುಡಿಯೋದ ಉದ್ದನೆಯ ಓಣಿಯ ಬಣ್ಣ ಒಂದೇ ಎತ್ತರದಲ್ಲಿ, ಒಂದೇ ಗೆರೆಯಾಗಿ ಸವೆದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಮೈಮೇಲೆ ಬೂದು ಬಣ್ಣದ, ತೋಳಿಲ್ಲದ, ಎಂಟು ಜೇಬಿನ ಒಂದು ಕೋಟು. ಇಷ್ಟು ವರ್ಷ ಒಂದೇ ಕೋಟು ಹೇಗೆ ಬಾಳಿತೆಂದು ಮೂಗಿನ ಮೇಲೆ ಬೆರಳಿಟ್ಟವರಿಗೆ ತಿಳಿಯದ ಸಂಗತಿಯೆಂದರೆ, ಒಬ್ಬನೇ ದರ್ಜಿಯಿಂದ ಒಂದೇ ಅಳತೆಗೆ ಹೊಲಿಸಿದ ಅಂಥ ಐದು ಕೋಟುಗಳು ಆಕೆಯ ಬೀರುವಿನಲ್ಲಿವೆ. ಅಳತೆ ಪಟ್ಟಿ ಯಾವ ಜೇಬಿನಲ್ಲಿ, ಪಿನ್ನು ಯಾವುದರಲ್ಲಿ, ಕಿವಿಗಿಡುವ ಹತ್ತಿ ಯಾವುದರಲ್ಲಿ ಎಂಬುದು ಐದರಲ್ಲೂ ಒಂದೇ.

ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ಆಕೆಯ ಉತ್ತರ ಸದಾ ಒಂದು ಪ್ರಶ್ನೆ: "ಯಾವ ಅರ್ಥದಲ್ಲಿ?" ಮೊದಲ ಸಲ ಕೇಳಿದವರು ಇದನ್ನು ಕೊಂಕೆಂದು ತಿಳಿಯುತ್ತಾರೆ. ಆಕೆಗಾದರೋ ಮಂಡಿನೋವಿನ ಅರ್ಥದಲ್ಲೋ, ಮನಸ್ಸಿನ ಅರ್ಥದಲ್ಲೋ, ಇವತ್ತಿನ ಮೂರನೇ ದೃಶ್ಯದ ಅರ್ಥದಲ್ಲೋ ಎಂದು ತಿಳಿಯದೆ ಉತ್ತರಿಸುವುದು ಬೇಜವಾಬ್ದಾರಿ. ಮಾತು ಮುಗಿಯಿತೆನಿಸಿದಾಗ "ಸರಿ, ಮುಂದೆ" ಎಂದು ಹೊರಟುಬಿಡುತ್ತಾಳೆ. ಎದುರಿಗಿರುವವರಿಗೆ ಮಾತು ಮುಗಿದಿರಲಿ, ಬಿಡಲಿ.

ಆಕೆಗೆ ಅಪಾರ ಜ್ಞಾಪಕಶಕ್ತಿಯಿದೆ ಎಂದು ಬಹಳ ಜನ ತಿಳಿದಿದ್ದಾರೆ. ಇದರಷ್ಟು ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ. ಆಕೆಯದು ತೂತುಬಿದ್ದ ನೆನಪು. ಮನೆಯ ಬೀಗದ ಕೈಯನ್ನು ವಾರಕ್ಕೆರಡು ಸಲ ಹುಡುಕುವವಳು, ಹದಿನೇಳೆಂಟ್ಲ ಎಷ್ಟೆಂದು ಕೇಳಿದರೆ ಲೆಕ್ಕಕ್ಕೆ ಫೋನು ತೆಗೆಯುವವಳು. ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದಲೇ ಆಕೆ ಎಲ್ಲವನ್ನೂ ಬರೆಯುತ್ತಾಳೆ. ಕಂಡದ್ದನ್ನು ಕಂಡ ಕ್ಷಣದಲ್ಲೇ, ಪೆನ್ಸಿಲಿನಲ್ಲಿ, ಸಣ್ಣ ಗುಂಡಕ್ಷರದಲ್ಲಿ ಬರೆದು ತುಂಬಿಸಿದ ನೋಟುಪುಸ್ತಕಗಳು ಒಂದು ಕಪಾಟು ತುಂಬ ಇವೆ. ಹಾಗಿದ್ದೂ ಒಮ್ಮೆ ಎಡವಿದ್ದಾಳೆ: ಧಾರಾವಾಹಿಯೊಂದರಲ್ಲಿ ಮನೆಯ ಹಿರಿಯ ಸತ್ತ ಮೇಲೆ ಗೋಡೆಗೆ ತೂಗಿಹಾಕಬೇಕಿದ್ದ ಆತನ ಚಿತ್ರಪಟ, ಆತ ಅದೇ ಗೋಡೆಯ ಕೆಳಗೆ ಕುಳಿತು ಮೊಮ್ಮಗಳಿಗೆ ಬುದ್ಧಿ ಹೇಳುವ ದೃಶ್ಯದಲ್ಲೂ ತೂಗುತ್ತಿತ್ತು. ಲಕ್ಷಾಂತರ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂದು ಆಕೆ ಎಲ್ಲರೆದುರು ನಿಂತು, ತಪ್ಪು ನನ್ನದು, ಆ ಪುಟವನ್ನು ನಾನು ತಿರುವಿ ನೋಡಲಿಲ್ಲ ಎಂದು ಹೇಳಿ, ಮರುದಿನ ಎಂಟಕ್ಕೆ ಎಂದಿನಂತೆ ಬಂದು, ಮಾನಿಟರಿನ ಎಡಗಡೆಯ ತನ್ನ ಮರದ ಸ್ಟೂಲಿನ ಮೇಲೆ ಕುಳಿತಳು.

ಆ ಸ್ಟೂಲೇ ಆಕೆಯ ರಾಜ್ಯ. ಅಲ್ಲಿ ಕುಳಿತು ಆಕೆ ನಗುತ್ತಾಳೆ, ಆದರೆ ತಡವಾಗಿ. ಊಟದ ಹೊತ್ತಿನಲ್ಲಿ ಯಾರೋ ಹೇಳಿದ ಹಾಸ್ಯ ಒಳಗೆಲ್ಲೋ ಬೇಯುತ್ತಿದ್ದು, ನಾಯಕ ಜೈಲಿಗೆ ಹೋಗುವ ಶಾಟಿನ ನಟ್ಟನಡುವೆ ಉಕ್ಕಿ ಬಂದು ಟೇಕು ಹಾಳಾದದ್ದುಂಟು. ಅಳುವುದಂತೂ ಇನ್ನೂ ಸಲೀಸು. ಸಾವಿನ ದೃಶ್ಯದ ಏಳನೇ ಟೇಕಿಗೂ ಆಕೆಗೆ ಅಳು ಬರುತ್ತದೆ. ಸತ್ತವನು ಎದ್ದು ಚಹಾ ಕುಡಿದು ಬಂದು ಮತ್ತೆ ಮಲಗಿ ಸಾಯುತ್ತಾನೆ, ಆಕೆ ಮತ್ತೆ ಅಳುತ್ತಾಳೆ, ಅಳುತ್ತಲೇ ಹೊದಿಕೆಯ ಮಡಿಕೆ ಎರಡು ಬೆರಳು ಎಡಕ್ಕೆ ಸರಿದಿದೆ ಎಂದು ತಿಳಿಸುತ್ತಾಳೆ.

ನಲವತ್ತಾರನೆಯ ವಯಸ್ಸಿನಲ್ಲಿ, ನಿದ್ದೆ ಬಾರದ ತೊಂದರೆಗೆಂದು ತಂಗಿ ಬಲವಂತವಾಗಿ ಕರೆದೊಯ್ದ ವೈದ್ಯೆ ಮೂರು ಭೇಟಿಗಳ ನಂತರ ಹೇಳಿದ್ದು, ಇದು ಆಟಿಸಂ, ಹುಟ್ಟಿನಿಂದಲೇ ಇದ್ದದ್ದು, ರೋಗವಲ್ಲ, ನಿಮ್ಮ ಮೈಮನಸ್ಸಿನ ಕಟ್ಟೋಣವೇ ಹೀಗೆ ಎಂದು. ತಂಗಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಕಣ್ಣೀರಿಟ್ಟಳು. ಚಿಕ್ಕಂದಿನಲ್ಲಿ ಅಕ್ಕನನ್ನು ಗೆಳತಿಯರೆದುರು ಆಡಿಕೊಂಡದ್ದೆಲ್ಲ ಆಗ ಅವಳಿಗೆ ಒಟ್ಟಿಗೇ ನೆನಪಾಗಿತ್ತು. ಅಕ್ಕನಿಗೆ ಮಾತ್ರ ಬಹಳ ಸಂತೋಷವಾಯಿತು. ಹರಿದುಹೋದ ಪುಟವೊಂದು ಪುಸ್ತಕದ ಹಿಂದಿನ ರಟ್ಟಿನಲ್ಲಿ ಸಿಕ್ಕಂತಾಯಿತೆಂದು ಆಕೆ ತಂಗಿಗೆ ಹೇಳಿ, ಮರುದಿನ ಎಂಟಕ್ಕೆ ಕೆಲಸಕ್ಕೆ ಹೋದಳು. ಸ್ಟುಡಿಯೋದಲ್ಲಿ ಯಾರಿಗೂ ಹೇಳಲಿಲ್ಲ. ಮುಚ್ಚಿಟ್ಟಳೆಂದಲ್ಲ, ಯಾರೂ ಕೇಳಲಿಲ್ಲ, ಅಷ್ಟೇ.

ಕೇಳುವ ಸಂದರ್ಭ ಬಂದದ್ದು ನಾಲ್ಕು ವರ್ಷಗಳ ನಂತರ. ಹೊಸ ಧಾರಾವಾಹಿಯಲ್ಲಿ ಮನೆಯ ಕಿರಿಯ ಮಗನಿಗೆ ಆಟಿಸಂ ಇರುವಂತೆ ಕಥೆ ಹೆಣೆಯಲಾಗಿತ್ತು. ಸಂಭಾಷಣೆಕಾರ ಒಳ್ಳೆಯ ಮನುಷ್ಯ, ಶ್ರಮಜೀವಿ. ಬರೆಯುವ ಮುನ್ನ ನಾಲ್ಕು ಸಿನಿಮಾ, ಎರಡು ಧಾರಾವಾಹಿ ನೋಡಿ ಅಭ್ಯಾಸ ಮಾಡಿಕೊಂಡಿದ್ದ. ಆ ಅಭ್ಯಾಸದ ಫಲವಾಗಿ ಹುಟ್ಟಿದ ಯುವಕ ಲೆಕ್ಕ ಬಿಟ್ಟು ಬೇರೆ ಮಾತೇ ಆಡುವುದಿಲ್ಲ, ಯಾರನ್ನೂ ಪ್ರೀತಿಸುವುದಿಲ್ಲ, ಆದರೆ ಹುಟ್ಟಿದ ದಿನಾಂಕ ಹೇಳಿದರೆ ವಾರ ಹೇಳುತ್ತಾನೆ, ಐದಂಕಿಯನ್ನು ಐದಂಕಿಯಿಂದ ಗುಣಿಸುತ್ತಾನೆ, ಸದ್ದಾದರೆ ಕಿರುಚಿ ಕೈಗೆ ಸಿಕ್ಕಿದ್ದನ್ನು ಒಡೆಯುತ್ತಾನೆ. ಕಥೆಯನ್ನು ಓದಿ ಹೇಳಿದ ದಿನ ಎಲ್ಲರ ಕಣ್ಣೂ ಒದ್ದೆ. ತಾಳೆ ಅಕ್ಕ ಆತನ ಎಡಗಿವಿಯನ್ನು ನೋಡುತ್ತಾ, ಇದಕ್ಕಾಗಿ ಎಷ್ಟು ಜನರನ್ನು ನೋಡಿದಿರಿ ಎಂದು ವಿಚಾರಿಸಿದಳು.

"ಜನರನ್ನಾ? ಅಂಥವರು ಎಲ್ಲಿ ಸಿಗ್ತಾರೆ ಅಕ್ಕಾ?" ಎಂದ ಸಂಭಾಷಣೆಕಾರ.

"ಇಲ್ಲಿ. ನಾನೂ ಅದೇ."

ಆತ ಧಾರಾಳವಾಗಿ ನಕ್ಕುಬಿಟ್ಟ. "ಬಿಡಿ ಅಕ್ಕಾ, ನೀವು ಹಾಗೆ ಕಾಣಲ್ಲ."

ಆ ನಗುವಿನಲ್ಲಿ ಕುಹಕವಿರಲಿಲ್ಲ. ಆತ ಸಮಾಧಾನ ಮಾಡುತ್ತಿದ್ದ. ಆರು ಚಿತ್ರಗಳಲ್ಲಿ ಕಂಡದ್ದರೊಂದಿಗೆ ಎದುರಿಗೆ ನಿಂತ ವ್ಯಕ್ತಿ ಹೊಂದಿಕೆಯಾಗದಿದ್ದಾಗ, ಆತ ಚಿತ್ರವನ್ನು ನಂಬಿ ವ್ಯಕ್ತಿಯನ್ನು ಕೈಬಿಟ್ಟ. ತಾಳೆ ಅಕ್ಕ ಬೇಸರಿಸಿಕೊಳ್ಳದೆ ಹನ್ನೊಂದು ಟಿಪ್ಪಣಿಗಳನ್ನು ಬರೆದುಕೊಟ್ಟಳು. ಆತ ಅದರಲ್ಲಿ ಒಂದನ್ನು, ಅಂದರೆ ಕೈಬೆರಳು ಅಲುಗಾಡಿಸುವುದು ಸಂಕಟಕ್ಕಷ್ಟೇ ಅಲ್ಲ, ಖುಷಿಗೂ ಎಂಬುದನ್ನು ಒಪ್ಪಿಕೊಂಡು, ಉಳಿದ ಹತ್ತನ್ನು ಕಥೆಗೆ ಅನುಕೂಲವಿಲ್ಲವೆಂದು ಮಡಿಚಿ ಜೇಬಿಗಿಟ್ಟ.

ಧಾರಾವಾಹಿ ಮನೆಮಾತಾಯಿತು. ಬಸ್ಸಿನಲ್ಲಿ, ಔಷಧದ ಅಂಗಡಿಯಲ್ಲಿ, ದಂತವೈದ್ಯರ ಕಾಯುವ ಕೋಣೆಯಲ್ಲಿ ಕಿರಿಯ ಮಗನದೇ ಸುದ್ದಿ. ಅದುವರೆಗೆ ಆಟಿಸಂ ಎಂಬ ಪದವನ್ನೇ ಕೇಳದವರು ಈಗ ಕೇಳಿದ್ದರು. ಅದೊಂದು ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಕೇಳಿದವರು ಆಗಲೇ ಬಲ್ಲವರೂ ಆಗಿಬಿಟ್ಟಿದ್ದರು. ಹೀಗಿರುವಾಗ ಒಂದು ಮಧ್ಯಾಹ್ನ ಸ್ಟುಡಿಯೋದ ಗೇಟಿನ ಬಳಿ ಒಬ್ಬ ತಾಯಿ, ಏಳೆಂಟು ವರ್ಷದ ಮಗಳ ಕೈ ಹಿಡಿದುಕೊಂಡು, ಕಥೆ ಬರೆದವರನ್ನು ನೋಡಬೇಕೆಂದು ನಿಂತಿದ್ದಳು. ಸಂಭಾಷಣೆಕಾರ ಅಂದು ಬಂದಿರಲಿಲ್ಲ. ಊಟದ ಡಬ್ಬಿ ತೊಳೆಯಲು ಹೊರಗೆ ಬಂದ ತಾಳೆ ಅಕ್ಕನೇ ಸಿಕ್ಕಳು. ಮಗಳಿಗೂ ಅದೇ ಇದೆ, ಆದರೆ ಶಾಲೆಯಲ್ಲಿ ಟೀಚರು ಇವಳಿಗೇನು ವಿಶೇಷ ಶಕ್ತಿಯಿದೆ ಎಂದು ಕೇಳುತ್ತಾರೆ, ಬಂಧುಗಳು ದಿನಾಂಕ ಹೇಳಿ ವಾರ ಕೇಳುತ್ತಾರೆ, ಹೇಳದಿದ್ದರೆ ಇದು ಅದಲ್ಲ, ಬರೀ ಮಂಕು ಎನ್ನುತ್ತಾರೆ ಎಂದು ಆ ತಾಯಿ ಒಂದೇ ಉಸಿರಿಗೆ ಹೇಳಿಕೊಂಡಳು. ಮಗಳು ಅಷ್ಟು ಹೊತ್ತೂ ಗೇಟಿನ ಸರಳುಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು.

"ಲೆಕ್ಕ ಬರಲ್ಲ ಇವಳಿಗೆ. ಬೇರೆ ಏನಾದ್ರೂ ಒಳಗಡೆ ಇರಬಹುದಾ? ಹೇಗೆ ಹುಡುಕೋದು?" ಎಂದಳು ತಾಯಿ.

"ನನಗೂ ಲೆಕ್ಕ ಬರಲ್ಲ," ಎಂದಳು ತಾಳೆ ಅಕ್ಕ. ಆಮೇಲೆ ಮಗುವಿನ ಪಕ್ಕದಲ್ಲಿ ಕುಳಿತು, ಮೂರನೇ ಸರಳು ಉಳಿದವಕ್ಕಿಂತ ತಣ್ಣಗಿದೆಯಲ್ಲವೇ ಎಂದು ಕೇಳಿದಳು. ಮಗು ಹೌದೆಂದು ತಲೆಯಾಡಿಸಿತು.

ಒಳಗೆ ಇನ್ನೊಂದು ಬಗೆಯ ಕಥೆ ನಡೆಯುತ್ತಿತ್ತು. ಯಶಸ್ಸಿನ ಸಂಭ್ರಮದಲ್ಲಿ ಸಂಭಾಷಣೆಕಾರ, ಅಕ್ಕ ಒಮ್ಮೆ ತಾನೂ ಅದೇ ಅಂದಿದ್ದರು ನೋಡಿ ಎಂದು ನಗುತ್ತಾ ಹೇಳಿದ್ದು ನಿರ್ದೇಶಕರ ಕಿವಿಗೆ ಬಿತ್ತು. ನಿರ್ದೇಶಕರು ನಗಲಿಲ್ಲ. ಹದಿನೆಂಟು ವರ್ಷ ಜೊತೆಗೆ ದುಡಿದವಳ ಕಿವಿ ನೋಡುವ ಅಭ್ಯಾಸ, ಗೋಡೆ ಸವರುವ ಅಭ್ಯಾಸ, ಎಂದೂ ಬದಲಾಗದ ಕೋಟು ಎಲ್ಲವೂ ಅವರ ಮನಸ್ಸಿನಲ್ಲಿ ಥಟ್ಟನೆ ಒಂದು ಆಕಾರಕ್ಕೆ ಬಂದವು; ದುರದೃಷ್ಟವಶಾತ್ ಆ ಆಕಾರ ಕಿರಿಯ ಮಗನದಾಗಿತ್ತು. ಅಂದಿನಿಂದ ದಯೆಯ ಕಾಟ ಶುರುವಾಯಿತು. ಆಕೆ ಬಂದರೆ ಮಾತುಗಳು ಪಿಸುಗುಟ್ಟುವಿಕೆಗೆ ಇಳಿದವು. ಅಕ್ಕಾ, ಆ ಲೋಟ ಎಲ್ಲಿತ್ತು ಎಂದು ದೂರದಿಂದಲೇ ಕೂಗಿ ಕೇಳುತ್ತಿದ್ದವರು ಹತ್ತಿರ ಬಂದು, ಮಗುವನ್ನು ಮಾತನಾಡಿಸುವಂತೆ ಬಾಗಿ, ಪದ ಪದ ಬಿಡಿಸಿ ಕೇಳತೊಡಗಿದರು. ಲೈಟಿನವನು ತನ್ನ ಹುಟ್ಟಿದ ದಿನಾಂಕ ಹೇಳಿ ಯಾವ ವಾರ ಹೇಳಿ ನೋಡೋಣ ಎಂದ. ಕ್ಯಾಲೆಂಡರ್ ಅಂತ ಒಂದು ಸಿಗುತ್ತದೆ, ಅದರಲ್ಲಿ ನೋಡು ಎಂದು ಆಕೆ ತಿಳಿಸಿದಾಗ ಅವನ ಮುಖ ಸಪ್ಪಗಾಯಿತು.

ಅರವತ್ತನೆಯ ಕಂತು ಎಲ್ಲಕ್ಕೂ ಕಳಶವಿಟ್ಟಿತು. ಅದರಲ್ಲಿ ಕಿರಿಯ ಮಗ ಪಟಪಟನೆ ಏನೋ ಸಿಡಿದ ಸದ್ದಿಗೆ ಹುಚ್ಚೆದ್ದು ಕನ್ನಡಿ, ದೀಪ, ಟೀವಿ ಎಲ್ಲವನ್ನೂ ಪುಡಿಮಾಡುತ್ತಾನೆ. ಚಿತ್ರಣ ಅದ್ಭುತವಾಗಿ ಬಂದಿತ್ತು. ಎಷ್ಟು ಅದ್ಭುತವೆಂದರೆ ಅದನ್ನು ಬರೆದವರೂ ತೆಗೆದವರೂ ಮೊದಲು ಅದಕ್ಕೆ ಹೆದರಿದರು. ತಾವೇ ಕಟ್ಟಿದ ಬೆದರುಗೊಂಬೆಯನ್ನು ನೋಡಿ ಬೆಚ್ಚುವವರು ಇದ್ದಾರೆಂದು ಯಾರಾದರೂ ಹೇಳಿದರೆ ನಗಬಾರದು, ಅಂಥವರು ಇಲ್ಲಿ ಒಂದು ಸ್ಟುಡಿಯೋ ತುಂಬ ಇದ್ದರು. ಮರುವಾರ ನಿರ್ದೇಶಕರು ತಾಳೆ ಅಕ್ಕನನ್ನು ಕರೆದು, ಸೋಮವಾರದಿಂದ ನೀವು ಸೆಟ್ಟಿಗೆ ಬರುವುದು ಬೇಡ, ಮಹಡಿಯಲ್ಲಿ ಗಾಜಿನ ಕೋಣೆಯಿದೆ, ಸದ್ದಿಲ್ಲ, ಎಸಿ ಇದೆ, ಚಿತ್ರಿಸಿ ಮುಗಿದದ್ದನ್ನು ಅಲ್ಲೇ ಕುಳಿತು ನೋಡಿ, ಕೆಳಗೆ ಸ್ಟೂಲಿಗೆ ಬೇರೊಬ್ಬರನ್ನು ಹಾಕುತ್ತೇವೆ, ಇದೆಲ್ಲ ನಿಮ್ಮ ಒಳ್ಳೆಯದಕ್ಕೇ ಎಂದು ಬಹಳ ಮೆತ್ತಗೆ ಹೇಳಿದರು.

ಆ ದಿನ ಓಣಿಯಲ್ಲಿ ನಡೆದು ಬಂದಾಗ ಆಕೆಯ ಕೈ ಗೋಡೆಯನ್ನು ಮುಟ್ಟಲಿಲ್ಲ. ಮನೆಯಲ್ಲಿ ತಂಗಿ, ಎಸಿ ಕೋಣೆ ತಾನೇ, ಆರಾಮ ಅಲ್ವಾ ಎಂದಳು. ಆಕೆ ಒಪ್ಪಲಿಲ್ಲ. ಮುಗಿದುಹೋದದ್ದನ್ನು ನೋಡಿ ತಪ್ಪು ಹುಡುಕುವುದು ಕಂಟಿನ್ಯುಟಿಯಲ್ಲ. ತಪ್ಪಾಗುವ ಮೊದಲೇ, ತಾಳಿ, ಎಂದು ಕೈಯೆತ್ತುವುದು ಕಂಟಿನ್ಯುಟಿ. ಹಸಿ ಬಣ್ಣದ ವಾಸನೆ, ಲೋಟವನ್ನು ಮುಟ್ಟಿ ನೋಡುವ ಬೆರಳು, ಸತ್ತವನು ಏಳನೇ ಸಲ ಸಾಯುವುದನ್ನು ಆರಡಿ ದೂರದಿಂದ ಕಂಡು ಅಳುವ ಹಕ್ಕು, ಇವನ್ನೆಲ್ಲ ಬಿಟ್ಟು ಗಾಜಿನ ಹಿಂದೆ ಕುಳಿತರೆ ತಾನೂ ಒಂದು ನೋಡುವ ವಸ್ತುವಾಗುತ್ತೇನೆಂದು ಆಕೆಗೆ ಸ್ಪಷ್ಟವಾಗಿ ಕಂಡಿತು. ಕೋಪ ಬಂತು. ಕೋಪ ಬಂದಾಗ ಆಕೆ ಏನನ್ನೂ ಒಡೆಯುವುದಿಲ್ಲ, ಕಪಾಟು ತೆರೆಯುತ್ತಾಳೆ.

ಸೋಮವಾರ ಎಂಟಕ್ಕೆ ಆಕೆ ಮೂರು ಹಳೆಯ ನೋಟುಪುಸ್ತಕಗಳನ್ನು ಎದೆಗವಚಿಕೊಂಡು ಸೆಟ್ಟಿಗೇ ಬಂದು ಸ್ಟೂಲಿನ ಪಕ್ಕದಲ್ಲಿ ನಿಂತಳು. ನಿರ್ದೇಶಕರು, ಸಂಭಾಷಣೆಕಾರ, ಇನ್ನು ಹತ್ತಾರು ಜನ ಸುತ್ತ ಸೇರಿದರು. ಈಗೇನು ಒಡೆಯುತ್ತಾಳೋ ಎಂದು ಒಬ್ಬ ಮಾನಿಟರನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಆಕೆ ಏರಿಳಿತವಿಲ್ಲದ ತನ್ನ ಎಂದಿನ ದನಿಯಲ್ಲಿ, ಹಿಂದಿನ ಶಾಟಿನ ವಿವರ ಓದುವಂತೆ, ಓದತೊಡಗಿದಳು. ಹದಿನಾಲ್ಕು ವರ್ಷದ ಹಿಂದಿನ ಒಂದು ದಿನ: ಹನ್ನೊಂದು ಇಪ್ಪತ್ತಕ್ಕೆ ಪರದೆಗೆ ಬೆಂಕಿ. ಅಜ್ಜಿ ಪಾತ್ರದವರನ್ನು ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ. ಎರಡು ಕುರ್ಚಿ ಸುಟ್ಟಿವೆ. ನಿರ್ದೇಶಕರು ಕಿಟಕಿಯಲ್ಲಿ.

ಸೆಟ್ಟಿನ ಕಿಟಕಿಯೆಂದರೆ ರಟ್ಟಿನ ಕಿಟಕಿ. ಅಂದು ಗಾಬರಿಯಲ್ಲಿ ಕಿರುಚುತ್ತಾ ಅದರಿಂದ ಹಾರಹೋಗಿ ಸೊಂಟದವರೆಗೆ ಸಿಕ್ಕಿಕೊಂಡಿದ್ದವರು ಈಗ ಕೆಮ್ಮಿದರು. ಬಡಗಿ ಮುಖವನ್ನು ಆಚೆ ತಿರುಗಿಸಿಕೊಂಡ. ಆಕೆ ಮುಂದಿನ ಪುಟ ತೆರೆದಳು. ಜನರೇಟರ್ ಸಿಡಿಯಿತು. ಕಿವಿಯಲ್ಲಿ ತುಂಬ ನೋವು. ಬಾತ್‌ರೂಮಿನಲ್ಲಿ ಏಳು ನಿಮಿಷ. ವಾಪಸು, ಶಾಟ್ ಹದಿನಾರು. ಇನ್ನೊಂದು: ಮದುವೆ ದೃಶ್ಯ, ಮೂವತ್ತು ಜನ ವಾದ್ಯದವರು. ಬಾತ್‌ರೂಮಿನಲ್ಲಿ ಒಂಬತ್ತು ನಿಮಿಷ. ವಾಪಸು, ಶಾಟ್ ನಾಲ್ಕು. ಇಪ್ಪತ್ತೆರಡು ವರ್ಷಗಳ ನೋವು, ನಿಮಿಷಗಳ ಸಮೇತ, ನೀರಿನ ಲೋಟದ ಅಳತೆಯ ಪಕ್ಕದಲ್ಲೇ ಸಣ್ಣ ಗುಂಡಕ್ಷರದಲ್ಲಿ ಬರೆದಿತ್ತು. ಪ್ರತಿಯೊಂದರ ಕೊನೆಗೂ ವಾಪಸು ಎಂದಿತ್ತು. ಸಂಭಾಷಣೆಕಾರ ತಲೆ ತಗ್ಗಿಸಿದ. ಇಷ್ಟು ವರ್ಷ ಆಕೆ ತನ್ನ ಕಣ್ಣೆದುರಿಗೇ ಹೀಗೆ ಎದ್ದು ಹೋಗಿ ಬರುತ್ತಿದ್ದಳು ಎಂಬುದು ಅವನಿಗೆ ಆಗಷ್ಟೇ ತಟ್ಟಿತು, ನಾಚಿಕೆಯಾಯಿತು.

ಆಕೆ ಪುಸ್ತಕ ಮುಚ್ಚಿ ನಿರ್ದೇಶಕರ ಎಡಗಿವಿಯನ್ನು ನೋಡಿದಳು. "ಹೋದ ತಿಂಗಳು ಈ ಸ್ಟೂಲ್ ಮೇಲೆ ಕೂತಿದ್ದವಳು ನಾನೇ, ಇವತ್ತು ನಿಂತಿರೋಳೂ ನಾನೇ. ನನ್ನಲ್ಲಿ ಏನೂ ಬದಲಾಗಿಲ್ಲ ಸರ್, ಬರೆದಿಟ್ಟಿದೀನಿ, ಬೇಕಾದ್ರೆ ನೋಡಿ. ನಡುವೆ ನೀವು ಒಂದು ಸೀರಿಯಲ್ ನೋಡಿದ್ರಿ. ತಾಳೆ ತಪ್ಪಿರೋದು ಅಲ್ಲಿ."

ನಿರ್ದೇಶಕರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಕೆಲಸ ಸುಲಭವಿತ್ತು, ಒಳ್ಳೆಯ ಉದ್ದೇಶದಿಂದ ತಪ್ಪು ಮಾಡಿದವರಿಗೆ ಅದರಿಂದ ಹೊರಬರಲು ಒಂದು ಬಾಗಿಲು ಬೇಕಾಗುತ್ತದೆ. ಅವರು ಪಿಸುಗುಟ್ಟದೆ, ತಮ್ಮ ಹಳೆಯ ದೊಡ್ಡ ದನಿಯಲ್ಲೇ ಕೇಳಿದರು: "ಹಾಗಾದ್ರೆ ನಿಮಗೆ ಏನು ಬೇಕು ಹೇಳಿ ಅಕ್ಕಾ."

ಆಕೆ ಕೈಯೆತ್ತಿ ಸ್ಟೂಲಿನ ನೆತ್ತಿಯ ಮೇಲಿದ್ದ ಟ್ಯೂಬ್‌ಲೈಟನ್ನು ತೋರಿಸಿದಳು. ಅದು ಗುಂಯ್‌ಗುಡುತ್ತದೆ, ಉಳಿದವರಿಗೆ ಕೇಳಿಸುವುದಿಲ್ಲ, ತನಗೆ ದಿನವಿಡೀ ಕೇಳುತ್ತದೆ, ಅದನ್ನು ಬದಲಾಯಿಸಿದರೆ ಸಾಕು ಎಂದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಲೈಟಿನವನು ಸಂಕಟದಿಂದ ಕೇಳಿದ. ಹೇಳಿದ್ದೆ, ಮೊದಲ ವಾರವೇ, ಆಗ ಎಲ್ಲರೂ ಸದ್ದೆಲ್ಲಿದೆ ಎಂದು ನಕ್ಕಿದ್ದಿರಿ ಎಂದು ಆಕೆ ಪುಸ್ತಕ ತಿರುವಿ ಪುಟದ ಸಂಖ್ಯೆ ಸಮೇತ ತಿಳಿಸಿ, "ಸರಿ, ಮುಂದೆ" ಎಂದು ಸ್ಟೂಲಿನ ಮೇಲೆ ಕುಳಿತಳು. ಅರ್ಧ ಗಂಟೆಯಲ್ಲಿ ಹೊಸ ದೀಪ ಬಂತು. ಗಾಜಿನ ಕೋಣೆಯಲ್ಲಿ ಈಗ ಹಳೆಯ ಪರದೆಗಳನ್ನು ಇಟ್ಟಿದ್ದಾರೆ.

ಸಂಭಾಷಣೆಕಾರ ಒಂದು ವಾರ ಆಕೆಯ ಕಡೆ ಸುಳಿಯಲಿಲ್ಲ. ಎಂಟನೆಯ ದಿನ ಬಂದು, ಮಡಿಕೆಗಳು ಸವೆದುಹೋದ ಹತ್ತು ಟಿಪ್ಪಣಿಗಳ ಕಾಗದವನ್ನು ಜೇಬಿನಿಂದ ತೆಗೆದು, ನೆಲದ ಮೇಲೆಯೇ ಕುಳಿತುಕೊಂಡ. ತೊಂಬತ್ತನೆಯ ಕಂತಿನಲ್ಲಿ ಕಿರಿಯ ಮಗ ಅತ್ತಿಗೆಯ ಮುಂದೆ ಒಂದು ಗುಣಾಕಾರವನ್ನು ತಪ್ಪಾಗಿ ಹೇಳಿ, ತಾನೇ ನಕ್ಕು, ಈ ದೀಪ ಬದಲಾಯಿಸಿ, ತಲೆನೋವು ಬರುತ್ತದೆ ಎಂದು ಮೊದಲ ಬಾರಿಗೆ ಲೆಕ್ಕವಲ್ಲದ ಮಾತನ್ನಾಡಿದ. ವೀಕ್ಷಕರಲ್ಲಿ ಹಲವರಿಗೆ ಅದು ರುಚಿಸಲಿಲ್ಲ. ಮೊದಲಿನ ಮಜಾ ಇಲ್ಲ ಎಂದು ಬರೆದರು. ಆದರೆ ಗೇಟಿನ ಕಾವಲುಗಾರನ ಕೈಯಲ್ಲಿ ಒಂದು ಚೀಟಿ ಬಂತು, ಸರಳುಗಳನ್ನು ಮುಟ್ಟುತ್ತಿದ್ದ ಆ ಮಗುವಿನ ತಾಯಿಯದು. ನಿನ್ನೆ ಮಗಳು ಟೀವಿ ನೋಡಿ "ಅವನಿಗೂ ಬರಲ್ಲ" ಎಂದಳು, ಎರಡು ಸಲ ಹೇಳಿದಳು, ಆಮೇಲೆ ಕೈಬೆರಳು ಅಲುಗಿಸುತ್ತಾ ಮನೆಯೆಲ್ಲ ಓಡಾಡಿದಳು ಎಂದಷ್ಟೇ ಅದರಲ್ಲಿತ್ತು. ತಾಳೆ ಅಕ್ಕ ಅದನ್ನು ಓದಿ, ಮೇಲಿನ ಎಡಜೇಬಿನಲ್ಲಿಟ್ಟುಕೊಂಡು, ಹಾಸ್ಯದ ದೃಶ್ಯವೊಂದರ ನಡುವೆ ಅತ್ತುಬಿಟ್ಟಳು. ಟೇಕು ಹಾಳಾಯಿತು.

ಇಂಥವರು ಲೋಕದಲ್ಲಿ ನಾವಂದುಕೊಂಡಿರುವುದಕ್ಕಿಂತ ಹೆಚ್ಚು ಜನರಿದ್ದಾರೆ. ಗ್ರಂಥಾಲಯದ ಕಪಾಟುಗಳ ನಡುವೆ, ಗಡಿಯಾರದ ಅಂಗಡಿಯಲ್ಲಿ, ಬ್ಯಾಂಕಿನ ಹಿಂದಿನ ಕೋಣೆಯಲ್ಲಿ, ನಮ್ಮದೇ ಮನೆಯ ಊಟದ ಮೇಜಿನಲ್ಲಿ. ಅವರಿಗೆ ಕಥೆಗಾರರು ಪವಾಡವನ್ನೋ ಪ್ರಕೋಪವನ್ನೋ ಉದಾರವಾಗಿ ದಯಪಾಲಿಸುತ್ತಾರೆ, ನೋಡಿದ ನಾವು ಆ ಪವಾಡ ಕಾಣದಿದ್ದರೆ ನಿರಾಶರಾಗುತ್ತೇವೆ, ಆ ಪ್ರಕೋಪ ಬಾರದಿದ್ದರೂ ಹೆದರುತ್ತೇವೆ. ಅವರೋ ಎರಡರ ನಡುವಿನ ಉದ್ದನೆಯ ಓಣಿಯಲ್ಲಿ, ಗೋಡೆ ಸವರುತ್ತಾ, ದಿನವೂ ಎಂಟಕ್ಕೆ ಕೆಲಸಕ್ಕೆ ಬರುತ್ತಿರುತ್ತಾರೆ. ಅವರನ್ನು ಅರಿಯಲು ವಿಶೇಷ ವಿದ್ಯೆಯೇನೂ ಬೇಕಿಲ್ಲ. ಏನು ಬೇಕೆಂದು ಕೇಳಿದರೆ ಹೇಳುತ್ತಾರೆ. ಕಿವಿ ನೋಡಿ ಹೇಳುತ್ತಾರೆ, ಅಷ್ಟೇ.